ಐದು ಗೆರೆಯಷ್ಟು ಸಡಿಲ

'ಟೈಟಾಗಿ ಕೂರಿಸಿದ್ದೀನಿ ಸಾರ್, ಒಂಚೂರೂ ಅಲ್ಲಾಡಲ್ಲ' ಎಂದು ಮೆಕ್ಯಾನಿಕ್ ಹೇಳಿದರೆ ಗಾಡಿಯ ಒಡೆಯರಿಗೆ ನೆಮ್ಮದಿ. ಚಕ್ರದ ನಟ್ಟು, ಬ್ಯಾಟರಿಯ ಟರ್ಮಿನಲ್, ಸೈಲೆನ್ಸರಿನ ಕ್ಲಾಂಪುಗಳ ಮಟ್ಟಿಗೆ ಆ ನೆಮ್ಮದಿ ನ್ಯಾಯವಾದದ್ದೇ. ಬಿಚ್ಚಿ ಕಟ್ಟಿದ ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ಬಗ್ಗೆ ಅದೇ ಮಾತು ಬಂದರೆ ಮಾತ್ರ ಸ್ವಲ್ಪ ಗಾಬರಿಯಾಗಬೇಕು. ಕ್ರ್ಯಾಂಕ್ ಉದ್ದಕ್ಕೆ, ಅಂದರೆ ಪುಲ್ಲಿಯ ಕಡೆಯಿಂದ ಫ್ಲೈವೀಲ್ ಕಡೆಗೆ, ಒಂದಿಷ್ಟು ಸರಿದಾಡಲೇಬೇಕು. ಗ್ಯಾರೇಜಿನ ಮಾತಿನಲ್ಲಿ ಅದು ಎಂಡ್ ಪ್ಲೇ. ಅದು ಜಾಸ್ತಿಯಾದರೆ ಎಂಜಿನ್ ನಿಧಾನವಾಗಿ ಹಾಳಾಗುತ್ತದೆ. ಇಲ್ಲವೇ ಇಲ್ಲ ಎಂದಾದರೆ ಬಹುಬೇಗ ಹಾಳಾಗುತ್ತದೆ.

ಬೆಂಗಳೂರಿನ ತ್ಯಾಗರಾಜನಗರದ ಅಡ್ಡರಸ್ತೆಗಳಲ್ಲಿರುವಂಥ ಒಂದೇ ಷಟರಿನ ಗ್ಯಾರೇಜಿನಲ್ಲಿ ಇದನ್ನು ಪತ್ತೆ ಮಾಡಲು ಯಾವ ಉಪಕರಣವೂ ಬೇಕಿಲ್ಲ. ಎಂಜಿನ್ ಆಫ್ ಮಾಡಿ ಹುಡುಗನೊಬ್ಬ ಡ್ರೈವರ್ ಸೀಟಿನಲ್ಲಿ ಕೂರುತ್ತಾನೆ. ಮೇಸ್ತ್ರಿ ಬಾನೆಟ್ಟಿನೊಳಗೆ ತಲೆ ತೂರಿಸಿ ಕ್ರ್ಯಾಂಕ್ ಪುಲ್ಲಿಯ ಮೇಲೆ ಟಾರ್ಚ್ ಬಿಡುತ್ತಾರೆ. 'ಕ್ಲಚ್ ಒತ್ತು. ಬಿಡು. ಇನ್ನೊಂದ್ಸಲ ಒತ್ತು.' ಕ್ಲಚ್ ಒತ್ತಿದಾಗ ರಿಲೀಸ್ ಬೇರಿಂಗ್ ಪ್ರೆಶರ್ ಪ್ಲೇಟಿನ ಸ್ಪ್ರಿಂಗನ್ನು ಎಂಜಿನ್ನಿನ ಕಡೆಗೆ ನೂಕುತ್ತದೆ. ಆ ನೂಕು ಫ್ಲೈವೀಲಿಗೆ, ಅಲ್ಲಿಂದ ಕ್ರ್ಯಾಂಕಿಗೆ ತಲುಪಿ ಪುಲ್ಲಿ ಹೊರಕ್ಕೆ ಸರಿಯುತ್ತದೆ. ಆರೋಗ್ಯವಾಗಿರುವ ಎಂಜಿನ್ನಿನಲ್ಲಿ ಈ ಚಲನೆ ಕಣ್ಣಿಗೆ ಬೀಳುವುದೇ ಕಷ್ಟ. ಕಣ್ಣಿಗೆ ಬಿದ್ದು, 'ಟಕ್' ಎಂದು ಕಿವಿಗೂ ಬಿದ್ದರೆ ಮೇಸ್ತ್ರಿ ತಲೆ ಹೊರತೆಗೆದು ಹೇಳುವುದು ಒಂದೇ ಮಾತು: 'ಥ್ರಸ್ಟ್ ವಾಷರ್ ಹೋಗಿದೆ ಸಾರ್.' ಒಡೆಯರ ಮರುಮಾತೂ ಒಂದೇ: 'ಅಷ್ಟು ಸಣ್ಣ ಸಾಮಾನಿಗೆ ಎಂಜಿನ್ ಬಿಚ್ಚಬೇಕೇನಪ್ಪಾ?'

ಬಿಚ್ಚಬೇಕು. ಮಾಮೂಲಿ ಪಿಸ್ಟನ್ ಎಂಜಿನ್ನಿನಲ್ಲಿ ಕ್ರ್ಯಾಂಕನ್ನು ಉದ್ದಕ್ಕೆ ಹಿಡಿದಿಡುವುದು ಒಂದು ಮೇನ್ ಬೇರಿಂಗಿನ ಎರಡು ಪಕ್ಕದಲ್ಲಿ ಕೂರುವ ಅರ್ಧಚಂದ್ರಾಕಾರದ ತೆಳು ವಾಷರುಗಳು. ಸುಜುಕಿ ಮೂಲದ ಸಣ್ಣ ಪೆಟ್ರೋಲ್ ಎಂಜಿನ್ನುಗಳಲ್ಲಿ ಇರಬೇಕಾದ ಪ್ಲೇ ಸುಮಾರು 0.1ರಿಂದ 0.3 ಮಿ.ಮೀ. ವಾಷರಿಗೂ ಕ್ರ್ಯಾಂಕಿನ ಮೈಗೂ ನಡುವೆ ಆಯಿಲ್ ಹೋಗಬೇಕಾದರೆ ಆ ಜಾಗ ಬೇಕು. ಬನಶಂಕರಿ ಬಸ್ ನಿಲ್ದಾಣದ ಸಿಗ್ನಲ್ಲಿನಲ್ಲಿ ಗೇರ್ ಹಾಕಿ, ಕ್ಲಚ್ ಅದುಮಿ, ಹಸಿರು ದೀಪಕ್ಕಾಗಿ ಕಾಯುವವರು ಅಷ್ಟು ಹೊತ್ತೂ ಒಂದು ಪಕ್ಕದ ವಾಷರಿನ ಮೇಲೆ ಭಾರ ಹೇರಿಕೊಂಡೇ ಕೂತಿರುತ್ತಾರೆ. ನ್ಯೂಟ್ರಲ್ಲಿಗೆ ಹಾಕಿ ಕಾಲು ತೆಗೆದರೆ ಅವರ ಮೊಣಕಾಲಿಗೂ ಒಳ್ಳೆಯದು, ವಾಷರಿಗೂ ಒಳ್ಳೆಯದು.

ಆಯಿಲ್ ಒಂದು ಕಾರಣವಾದರೆ ಬಿಸಿ ಇನ್ನೊಂದು. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಪಾಲಿನಷ್ಟು ಹಿಗ್ಗುತ್ತದೆ. 400 ಮಿ.ಮೀ. ಉದ್ದದ ಶಾಫ್ಟು ಬೆಳಗಿನ 30 ಡಿಗ್ರಿಯಿಂದ ಓಡುವಾಗಿನ 130 ಡಿಗ್ರಿಗೆ ಏರಿತು ಎಂದಿಟ್ಟುಕೊಳ್ಳಿ. ಅದು ಉದ್ದವಾಗುವುದು 0.48 ಮಿ.ಮೀ. ಎಂಡ್ ಪ್ಲೇಗಿಂತ ಇದೇ ಜಾಸ್ತಿಯಾಯಿತಲ್ಲ! ಸುತ್ತಲಿನ ಕವಚವೂ ಹಿಗ್ಗುತ್ತದೆ, ನಿಜ. ಆದರೆ ಎರಕದ ಕಬ್ಬಿಣ ಹಿಗ್ಗುವ ಲೆಕ್ಕ ಬೇರೆ. ಅಲ್ಯೂಮಿನಿಯಂ ಅಂತೂ ಉಕ್ಕಿನ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಹೀಗಾಗಿ ಶಾಫ್ಟನ್ನು ಎರಡೂ ತುದಿಯಲ್ಲಿ ಹಿಡಿದು ನಿಲ್ಲಿಸುವ ಹಾಗಿಲ್ಲ. ಒಂದೇ ಜಾಗದಲ್ಲಿ ಹಿಡಿದು, ಮಿಕ್ಕ ಉದ್ದ ತನಗೆ ಬೇಕಾದಂತೆ ಬೆಳೆಯಲು ಬಿಡಬೇಕು. ಎಂಡ್ ಪ್ಲೇ ಅಳೆಯುವುದೆಂದರೆ ಆ ಒಂದು ಜಾಗದ ಹಿಡಿತ ಎಷ್ಟಿದೆ ಎಂದು ನೋಡುವುದು.

ಈ ಹಿಡಿತದ ಲೆಕ್ಕ ಅತ್ಯಂತ ಬಿಗಿಯಾಗಿರುವುದು, ಅದನ್ನು ಕೆಡಿಸುವುದು ಅತ್ಯಂತ ಸುಲಭವಾಗಿರುವುದು ರೋಟರಿ ಎಂಜಿನ್ನಿನಲ್ಲಿ. ರೋಟರಿ ಎಂದರೆ ಜಪಾನಿನ ಮಜ್ದಾ ಕಾರು ನೆನಪಾಗುವುದು ಸಹಜ. ನಮ್ಮಲ್ಲಿ ಮಜ್ದಾ ಹೆಸರು ಓಡಾಡಿದ್ದು ಸ್ವರಾಜ್ ಮಜ್ದಾ ವ್ಯಾನುಗಳ ಹಣೆಯ ಮೇಲೆ. ಅವಕ್ಕೂ ರೋಟರಿಗೂ ಯಾವ ಸಂಬಂಧವೂ ಇಲ್ಲ. ಆದರೆ ರೋಟರಿ ಎಂಜಿನ್ನನ್ನು ತಾನೇ ವಿನ್ಯಾಸ ಮಾಡಿ, ಎರಕ ಹೊಯ್ಯಿಸಿ, ಆಕಾಶಕ್ಕೆ ಹಾರಿಸಿದ ಊರು ಬೆಂಗಳೂರು. ಆ ಕೆಲಸ ನಡೆದದ್ದು ತ್ಯಾಗರಾಜನಗರದಿಂದ ಊರಿನ ಇನ್ನೊಂದು ಮಗ್ಗುಲಿಗೆ, ಹಳೇ ವಿಮಾನ ನಿಲ್ದಾಣ ರಸ್ತೆಯ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ, ಅಂದರೆ ಎಲ್ಲರ ಬಾಯಲ್ಲಿರುವ ಎನ್ಎಎಲ್‌ನಲ್ಲಿ.

ಸೇನೆಗಾಗಿ ಬೆಂಗಳೂರಿನದೇ ಎಡಿಇ ಸಂಸ್ಥೆ ರೂಪಿಸಿದ ಚಾಲಕರಹಿತ ವಿಮಾನ ನಿಶಾಂತ್ ಮೊದಲು ಹಾರುತ್ತಿದ್ದದ್ದು ಹೊರದೇಶದ ಎಂಜಿನ್ನಿನಿಂದ. ಅದರ ಬದಲಿಗೆ ಒಂದೇ ರೋಟರಿನ, 55 ಅಶ್ವಶಕ್ತಿಯ, ಸುಮಾರು 30 ಕೆ.ಜಿ. ತೂಕದ ವಾಂಕೆಲ್ ಎಂಜಿನ್ ಮಾಡಲು ಮೂರು ಸಂಸ್ಥೆಗಳು ಕೈಜೋಡಿಸಿದವು. ಎಂಜಿನ್ನಿನ ಒಡಲು ಎನ್ಎಎಲ್‌ನದು. ವಿಶೇಷ ಅಲ್ಯೂಮಿನಿಯಂ ಮಿಶ್ರಲೋಹದ ಎರಕ, ಅದರ ಒಳಗೋಡೆಗೆ ಹಚ್ಚುವ ನಿಕಲ್-ಸಿಲಿಕಾನ್ ಕಾರ್ಬೈಡ್ ಲೇಪ ಎರಡೂ ಅಲ್ಲೇ ಆದವು. ಇಗ್ನಿಷನ್, ಇಂಧನದ ವ್ಯವಸ್ಥೆಯನ್ನು ಅಹಮದ್‌ನಗರದ ವಿಆರ್‌ಡಿಇ ನೋಡಿಕೊಂಡಿತು. ಹಾರಿಸಿ ನೋಡುವ ಹೊಣೆ ಎಡಿಇಯದು. 2009ರ ಬೇಸಿಗೆಯ ಒಂದು ಭಾನುವಾರ ಬೆಳ್ಳಂಬೆಳಗ್ಗೆ, ಕೋಲಾರದ ಹತ್ತಿರ ಎರಡನೇ ಮಹಾಯುದ್ಧದ ಕಾಲದಿಂದ ಪಾಳು ಬಿದ್ದಿದ್ದ ರನ್‌ವೇಯಲ್ಲಿ ಆ ಪರೀಕ್ಷೆ ನಡೆಯಿತು. ವಿಮಾನ 1.8 ಕಿ.ಮೀ. ಎತ್ತರಕ್ಕೇರಿ, ಸುಮಾರು 40 ನಿಮಿಷ ಹಾರಿ, ನೀರಿಲ್ಲದ ಕೆರೆಯಂಗಳದಲ್ಲಿ ಇಳಿಯಿತು. ಕೋಲಾರದಲ್ಲಿ ಒಣಗಿದ ಕೆರೆಗೆ ಆ ದಿನ ಬರವಿರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

30 ಕೆ.ಜಿ.ಗೆ 55 ಅಶ್ವಶಕ್ತಿ ಎಂದರೆ ಏನು ಎಂಬುದಕ್ಕೆ ನಮ್ಮ ಮಾರುತಿ 800ನ್ನು ಪಕ್ಕಕ್ಕಿಟ್ಟು ನೋಡಬಹುದು. ಅದರ 796 ಸಿಸಿ ಎಂಜಿನ್ ಕೊಡುತ್ತಿದ್ದದ್ದು 40ರ ಆಸುಪಾಸು. ಅದನ್ನು ಇಳಿಸಲು ಚೈನ್ ಬ್ಲಾಕ್ ಬೇಕು. ನಿಶಾಂತ್‌ನ ಮುಂದಿನ ಕಥೆ ಚೆನ್ನಾಗಿ ಮುಗಿಯಲಿಲ್ಲ. ಸೇನೆಗೆ ಸೇರಿದ ನಾಲ್ಕೂ ವಿಮಾನಗಳು 2015ರ ಹೊತ್ತಿಗೆ ಅಪಘಾತಕ್ಕೀಡಾಗಿ ಮುಂದಿನ ಖರೀದಿ ನಿಂತುಹೋಯಿತು. ಎಂಜಿನ್ನಿನ ವಿದ್ಯೆ ಮಾತ್ರ ಉಳಿಯಿತು. 2024ರಲ್ಲಿ ಎನ್ಎಎಲ್ ಪ್ರಕಟಿಸಿದ, ಗುರಿಯ ಮೇಲೆರಗುವ ಡ್ರೋನಿನ ಯೋಜನೆಯಲ್ಲಿರುವುದೂ ಅದರದೇ 30 ಅಶ್ವಶಕ್ತಿಯ ವಾಂಕೆಲ್ ಎಂಜಿನ್.

ಈ ಎಂಜಿನ್ನಿಗೆ ಹೆಸರು ಕೊಟ್ಟ ಫೆಲಿಕ್ಸ್ ವಾಂಕೆಲ್ ಜರ್ಮನಿಯವರು. ಎನ್ಎಸ್‌ಯು ಕಂಪನಿಯಲ್ಲಿ ಅವರ ಮೊದಲ ಮಾದರಿ ಓಡಿದ್ದು 1957ರಲ್ಲಿ. ಅದನ್ನು ಹಟ ಹಿಡಿದು ಸಾಕಿದ್ದು ಮಜ್ದಾ. 1991ರಲ್ಲಿ ಲ ಮಾನ್‌ನ 24 ಗಂಟೆಗಳ ರೇಸನ್ನು ಗೆದ್ದ 787ಬಿ ಕಾರಿನಲ್ಲಿದ್ದದ್ದು ನಾಲ್ಕು ರೋಟರಿನ ಎಂಜಿನ್. ಹೀಗಾಗಿ ರೋಟರಿಯನ್ನು ಬಿಚ್ಚಿ ಕಟ್ಟುವ ವಿಷಯದಲ್ಲಿ ಜಗತ್ತಿಗೆಲ್ಲ ಪಠ್ಯಪುಸ್ತಕವೆಂದರೆ ಮಜ್ದಾದ ಎರಡು ರೋಟರಿನ 13ಬಿ. ಮುಂದಿನ ಅಂಕಿಗಳು ಅದರವು.

ಒಳಗೆ ಪಿಸ್ಟನ್ ಇಲ್ಲ, ಕನೆಕ್ಟಿಂಗ್ ರಾಡ್ ಇಲ್ಲ, ವಾಲ್ವೂ ಇಲ್ಲ. ನಡು ತುಸು ಒಳಕ್ಕೆ ಅದುಮಿದ ಅಂಡಾಕಾರದ ಕೋಣೆ. ಅದರೊಳಗೆ ಬದಿಗಳು ಉಬ್ಬಿದ ಮುಮ್ಮೂಲೆಯ ರೋಟರು. ರೋಟರಿನ ಮೂರು ಮೂಲೆಗಳು ಸದಾ ಗೋಡೆಗೆ ತಾಗಿಕೊಂಡೇ ಸುತ್ತುತ್ತವೆ. ಒಂದೊಂದು ಬದಿಯೂ ಸರದಿಯಂತೆ ಗಾಳಿ-ಪೆಟ್ರೋಲನ್ನು ಎಳೆದು, ಒತ್ತಿ, ಉರಿಸಿ, ಹೊಗೆ ಹೊರಗಟ್ಟುತ್ತದೆ. ರೋಟರಿನ ನಡುವಿನ ತೂತಿನಲ್ಲಿ ಕೂರುವುದು ಶಾಫ್ಟಿನ ಮೇಲೆ ಒಂದು ಪಕ್ಕಕ್ಕೆ ಸರಿದಿರುವ ದುಂಡನೆಯ ಉಬ್ಬು. ರೋಟರು ಒಂದು ಸುತ್ತು ಸುತ್ತುವಷ್ಟರಲ್ಲಿ ಶಾಫ್ಟು ಮೂರು ಸುತ್ತು ಸುತ್ತಿರುತ್ತದೆ. ಕೈಪಿಡಿಯಲ್ಲಿ ಇದು ಎಕ್ಸೆಂಟ್ರಿಕ್ ಶಾಫ್ಟ್. ಮೇಸ್ತ್ರಿಗಳಿಗೆ ಅದೂ ಕ್ರ್ಯಾಂಕೇ.

ರೋಟರು ಈ ಉಬ್ಬಿನ ಮೇಲೆ ಉದ್ದಕ್ಕೆ ಜಾರಬಲ್ಲದು. ಅದು ಮುಂದೆ-ಹಿಂದೆ ಎಲ್ಲಿ ನಿಲ್ಲಬೇಕೆಂಬುದನ್ನು ನಿರ್ಧರಿಸುವುದು ಎರಡು ಪಕ್ಕದ ಗೋಡೆಗಳು, ಶಾಫ್ಟಲ್ಲ. ಆದ್ದರಿಂದ ರೋಟರಿನ ಪಕ್ಕದ ಸಂದು ಬೇರೆ, ಶಾಫ್ಟಿನ ಎಂಡ್ ಪ್ಲೇ ಬೇರೆ. ಒಂದನ್ನು ಅಳೆದು ಎರಡೂ ಸರಿಯಿದೆ ಎಂದುಕೊಳ್ಳುವಂತಿಲ್ಲ. ರೋಟರಿ ಎಂದರೆ ಎಲ್ಲರೂ ಮೂಲೆಯ ಸೀಲುಗಳ ಬಗ್ಗೆಯೇ ಮಾತಾಡುತ್ತಾರೆ, ಅವು ಸವೆಯುತ್ತವೆ, ದುಬಾರಿ, ಇತ್ಯಾದಿ. ಸೀಲುಗಳ ಮೇಲೆ ಲಕ್ಷಗಟ್ಟಲೆ ಸುರಿದು ಮೂತಿಯ ಕಡೆಯ ಪುಟ್ಟ ಸ್ಪೇಸರನ್ನು ಮರೆಯುವುದು ಜಾಣತನವಲ್ಲ.

ಆ ಮೂತಿಯಲ್ಲಿ ಇರುವುದು ಇಷ್ಟು. ಎಂಜಿನ್ನಿನ ಮುಂದಿನ ಕವಚಕ್ಕೆ ಬೋಲ್ಟ್ ಹಾಕಿ ಕೂರಿಸಿದ ಒಂದು ಗಟ್ಟಿ ಬಿಲ್ಲೆ, ಇದು ತಿರುಗುವುದಿಲ್ಲ. ಅದರ ಹಿಂದೊಂದು, ಮುಂದೊಂದು ನೀಡಲ್ ಥ್ರಸ್ಟ್ ಬೇರಿಂಗ್. ಸಣ್ಣ ಸಣ್ಣ ರೋಲರುಗಳು ಚಕ್ರದ ಅರಗಳಂತೆ ಮಲಗಿರುವ ತೆಳುವಾದ ಬಳೆ. ಅವುಗಳ ಆಚೀಚೆ ಶಾಫ್ಟಿನ ಜತೆ ತಿರುಗುವ ಎರಡು ಥ್ರಸ್ಟ್ ಪ್ಲೇಟು. ಈ ಎರಡು ಪ್ಲೇಟುಗಳ ನಡುವೆ, ಬಿಲ್ಲೆಯ ತೂತಿನೊಳಗೆ ತೂರಿಕೊಂಡು, ಶಾಫ್ಟಿಗೆ ಉಂಗುರದಂತೆ ತೊಡಿಸಿದ ಸ್ಪೇಸರ್. ಕೊನೆಯಲ್ಲಿ ಬ್ಯಾಲೆನ್ಸ್ ವೇಟು, ಗೇರುಗಳು, ಪುಲ್ಲಿ. ಎಲ್ಲವನ್ನೂ ಒಟ್ಟಿಗೆ ಬಿಗಿಯುವ ಒಂದೇ ಒಂದು ದಪ್ಪ ಬೋಲ್ಟು. ಬೋಲ್ಟನ್ನು ಬಿಗಿದಾಗ ಎರಡು ಪ್ಲೇಟುಗಳು ಸ್ಪೇಸರನ್ನು ಕಚ್ಚಿ ಹಿಡಿಯುತ್ತವೆ. ಬಿಲ್ಲೆ ಮತ್ತು ಎರಡು ಬೇರಿಂಗು ಸೇರಿ ಆಗುವ ದಪ್ಪಕ್ಕಿಂತ ಸ್ಪೇಸರ್ ಎಷ್ಟು ಉದ್ದವಿದೆಯೋ ಅದೇ ಎಂಡ್ ಪ್ಲೇ. ಬೇರೆ ಯಾವುದೂ ಅದನ್ನು ನಿರ್ಧರಿಸುವುದಿಲ್ಲ.

ಮಜ್ದಾ ಹೇಳುವ ಅಳತೆ 0.04ರಿಂದ 0.07 ಮಿ.ಮೀ.; 0.09 ದಾಟಿದರೆ ಬದಲಿಸಲೇಬೇಕು. ಪಿಸ್ಟನ್ ಎಂಜಿನ್ನಿನ 0.1-0.3ರ ಎದುರು ಇದು ಕೂದಲೆಳೆಯ ಅಂತರ, ಅಕ್ಷರಶಃ. ನಮ್ಮ ತಲೆಗೂದಲಿನ ದಪ್ಪವೂ ಸರಿಸುಮಾರು ಅಷ್ಟೆ. ಇಷ್ಟು ಬಿಗಿ ಏಕೆಂದರೆ ಇಲ್ಲಿ ಭಾರ ಹೊರುವುದು ಆಯಿಲಿನ ಪದರದ ಮೇಲೆ ಜಾರುವ ವಾಷರಲ್ಲ, ಉರುಳುವ ರೋಲರುಗಳು. ಜಾಗ ಜಾಸ್ತಿಯಾದರೆ ಅವು ಉರುಳುವುದು ಬಿಟ್ಟು ಬಡಿದಾಡುತ್ತವೆ. ಜಾಗವೇ ಇಲ್ಲದಿದ್ದರೆ ಒತ್ತಡಕ್ಕೆ ಸಿಕ್ಕಿ ಬಿಸಿಯಾಗಿ ನೀಲಿಗಟ್ಟುತ್ತವೆ.

ಪ್ರೊಪೆಲ್ಲರನ್ನು ಶಾಫ್ಟಿಗೇ ಕಟ್ಟಿದ ವಿಮಾನದ ಎಂಜಿನ್ನಿನಲ್ಲಿ ಈ ಬೇರಿಂಗಿನ ಪಾಡು ಇನ್ನೂ ಕಠಿಣ. ಕಾರಿನಲ್ಲಿ ಕ್ಲಚ್ ಒತ್ತಿದಾಗಷ್ಟೇ ಬೀಳುವ ನೂಕು, ಅಲ್ಲಿ ಹಾರುವಷ್ಟು ಹೊತ್ತೂ ಇರುತ್ತದೆ. ವಿಮಾನವನ್ನು ಮುಂದೊಯ್ಯುವ ಬಲವೇ ಶಾಫ್ಟಿನ ಮೂಲಕ ಹಾದುಬರಬೇಕು. ನಿಶಾಂತ್‌ನಂತೆ ಹಿಂದಿನಿಂದ ನೂಕುವ ಪ್ರೊಪೆಲ್ಲರಾದರೆ ಶಾಫ್ಟು ಎಂಜಿನ್ನಿನ ಒಳಕ್ಕೆ ಒತ್ತಿಕೊಳ್ಳುತ್ತದೆ, ಮುಂದಿನಿಂದ ಎಳೆಯುವುದಾದರೆ ಹೊರಕ್ಕೆ ಜಗ್ಗುತ್ತದೆ. ಭಾರ ಒಂದೇ ಕಡೆ ಇರುವವರೆಗೆ ಸಡಿಲ ಎಷ್ಟಿದ್ದರೂ ಗೊತ್ತಾಗುವುದಿಲ್ಲ. ಇಳಿಯುವಾಗ ಥ್ರಾಟಲ್ ಕಡಿಮೆ ಮಾಡಿ, ಗಾಳಿಯೇ ಪ್ರೊಪೆಲ್ಲರನ್ನು ತಿರುಗಿಸತೊಡಗಿದಾಗ ನೂಕು ದಿಕ್ಕು ಬದಲಿಸುತ್ತದೆ. ಶಾಫ್ಟು ಇನ್ನೊಂದು ಪಕ್ಕಕ್ಕೆ ಹೋಗಿ ಬಡಿಯುವುದು ಆಗ.

ಅಳೆಯುವುದು ದೊಡ್ಡ ವಿದ್ಯೆಯಲ್ಲ, ತಾಳ್ಮೆ ಬೇಕು ಅಷ್ಟೆ. ಫ್ಲೈವೀಲ್ ಕೂರಿಸಿರಬೇಕು, ಮುಂದಿನ ಬೋಲ್ಟನ್ನು ಟಾರ್ಕ್ ರೆಂಚಿನಲ್ಲಿ ಹೇಳಿದಷ್ಟು ಬಿಗಿದಿರಬೇಕು. ಬೋಲ್ಟನ್ನು ಕೈಯಲ್ಲಿ ತಿರುಗಿಸಿ ಬಿಟ್ಟು ಅಳೆದರೆ ಬರುವ ಅಂಕಿಗೆ ಅರ್ಥವೇ ಇಲ್ಲ, ಏಕೆಂದರೆ ಪ್ಲೇಟುಗಳು ಇನ್ನೂ ಸ್ಪೇಸರನ್ನು ಕಚ್ಚಿಯೇ ಇಲ್ಲ. ಡಯಲ್ ಗೇಜಿನ ಮ್ಯಾಗ್ನೆಟ್ ಸ್ಟ್ಯಾಂಡನ್ನು ಹಿಂದಿನ ಕವಚಕ್ಕೆ ಹಚ್ಚಿ, ಗೇಜಿನ ಮೊನೆಯನ್ನು ಫ್ಲೈವೀಲಿನ ಮುಖಕ್ಕೆ ನೇರವಾಗಿ ತಾಗಿಸಬೇಕು. ಮೊನೆ ಓರೆಯಾದರೆ ಅಂಕಿಯೂ ಓರೆ. ಮಜ್ದಾದ ಕವಚ ಎರಕದ ಕಬ್ಬಿಣದ್ದು, ಮ್ಯಾಗ್ನೆಟ್ ಹಿಡಿಯುತ್ತದೆ. ಅಲ್ಯೂಮಿನಿಯಂ ಕವಚವಾದರೆ ಕ್ಲಾಂಪ್ ಬೇಕು.

ಫ್ಲೈವೀಲನ್ನು ಮುಂದಕ್ಕೆ ನೂಕಿ ಹಿಡಿದು ಗೇಜನ್ನು ಸೊನ್ನೆಗೆ ತಿರುಗಿಸಿ. ಈಗ ಹಿಂದಕ್ಕೆ ಎಳೆಯಿರಿ. ಗೇಜಿನ ಒಂದೊಂದು ಗೆರೆಯೂ 0.01 ಮಿ.ಮೀ.; ಮುಳ್ಳು ನಾಲ್ಕರಿಂದ ಏಳು ಗೆರೆ ದಾಟಿ ನಿಲ್ಲಬೇಕು. ಐದರಲ್ಲಿ ನಿಂತರೆ ನೆಮ್ಮದಿ. ಮತ್ತೆ ಮುಂದಕ್ಕೆ ನೂಕಿದಾಗ ಮುಳ್ಳು ಸೊನ್ನೆಗೇ ಬರಬೇಕು. ಬರದಿದ್ದರೆ ಸ್ಟ್ಯಾಂಡು ಅಲ್ಲಾಡಿದೆ, ಇಲ್ಲವೇ ಎಲ್ಲೋ ಕಸ ಸಿಕ್ಕಿದೆ. ಸೊನ್ನೆ ಮಾಡುವುದಕ್ಕೂ ಅಂಕಿ ಓದುವುದಕ್ಕೂ ನಡುವೆ ಫ್ಲೈವೀಲನ್ನು ಒಂದಿಷ್ಟೂ ತಿರುಗಿಸಬಾರದು. ಫ್ಲೈವೀಲಿನ ಮುಖ ಎಷ್ಟೇ ಚೆನ್ನಾಗಿ ಕಡೆದಿದ್ದರೂ ಎರಡು ಮೂರು ಗೆರೆಯಷ್ಟು ಓರೆ ಇದ್ದೇ ಇರಬಹುದು. ತಿರುಗಿಸಿದರೆ ಆ ಓರೆಯೂ ಎಂಡ್ ಪ್ಲೇಯ ಲೆಕ್ಕಕ್ಕೆ ಸೇರಿಬಿಡುತ್ತದೆ. ಬೇರೆ ಜಾಗದಲ್ಲಿ ನೋಡಬೇಕೆಂದರೆ ತಿರುಗಿಸಿ, ಹೊಸದಾಗಿ ಸೊನ್ನೆ ಮಾಡಿ, ಹೊಸದಾಗಿ ಓದಬೇಕು. ನೂಕುವಾಗ ಸಬ್ಬಲ್ಲಿನಂಥ ಸನ್ನೆ ಹಾಕಿ ಶಕ್ತಿಪ್ರದರ್ಶನ ಮಾಡುವುದೂ ಬೇಡ. ಜೋರಾಗಿ ಒತ್ತಿದರೆ ಕವಚವೇ ಬಾಗಿ ಇಲ್ಲದ ಗೆರೆ ಕಾಣಿಸುತ್ತದೆ.

ನಿಜವಾದ ಗಂಡಾಂತರ ಇರುವುದು ಅಳೆಯುವುದರಲ್ಲಲ್ಲ, ಅದಕ್ಕೆ ಮೊದಲಿನ ಒಂದು ಗಳಿಗೆಯಲ್ಲಿ. ಮುಂದಿನ ಬೋಲ್ಟು ಸಡಿಲವಿದ್ದಾಗ ಶಾಫ್ಟು ಹಿಂದಕ್ಕೆ ಸರಿದರೆ ಬಿಲ್ಲೆಯ ಹಿಂದಿನ ನೀಡಲ್ ಬೇರಿಂಗಿಗೆ ಆಸರೆ ತಪ್ಪುತ್ತದೆ. ಆ ತೆಳು ಬಳೆ ಸ್ಪೇಸರಿನ ಅಂಚು ದಾಟಿ ಕೆಳಕ್ಕೆ ಜಾರಿ, ಸ್ಪೇಸರಿಗೂ ಪ್ಲೇಟಿಗೂ ನಡುವೆ ಬಂದು ಕೂರುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಬೋಲ್ಟ್ ಬಿಗಿದಾಗ ರೋಲರುಗಳು ಪ್ಲೇಟಿನ ಕೆಳಗೆ ಸಿಕ್ಕಿ ನಜ್ಜುಗುಜ್ಜು. ಗೇಜಿನಲ್ಲಿ ಆಗ ಪ್ಲೇ ಸೊನ್ನೆ ತೋರಿಸಬಹುದು, ಇಲ್ಲವೇ ಊಹಿಸದಷ್ಟು ದೊಡ್ಡ ಅಂಕಿ ಬರಬಹುದು. 'ಒಂಚೂರೂ ಅಲ್ಲಾಡಲ್ಲ' ಎಂಬ ಮಾತು ಹೆದರಿಸಬೇಕಾದದ್ದು ಇದಕ್ಕೇ. ಹಾಗೆ ಕಂಡರೆ ಎಂಜಿನ್ನನ್ನು ತಿರುಗಿಸಲೇಬಾರದು. ಮುಂದಿನ ಕವರ್ ಬಿಚ್ಚಿ ಬೇರಿಂಗನ್ನು ನೋಡಲೇಬೇಕು, ಕಲೆ ಬಿದ್ದಿದ್ದರೆ ಬಿಸಾಕಬೇಕು.

ಇದನ್ನು ತಪ್ಪಿಸಲು ಎಂಜಿನ್ ಸ್ಟ್ಯಾಂಡಿನಲ್ಲಿ ಕಟ್ಟುವವರು ಮೂತಿಯನ್ನು ಮೇಲೆ ಮಾಡಿ, ಶಾಫ್ಟು ಕೆಳಕ್ಕೆ ಜಾರದಂತೆ ಫ್ಲೈವೀಲಿಗೆ ಆಸರೆ ಕೊಟ್ಟು ಕೆಲಸ ಮಾಡುತ್ತಾರೆ. ಎಂಜಿನ್ ಕಾರಿನಲ್ಲೇ ಇದ್ದು ಪುಲ್ಲಿ ಮಾತ್ರ ಬಿಚ್ಚಬೇಕಾದಾಗ ಉಪಾಯ ಬೇರೆ: ಸೀಟಿಗೂ ಕ್ಲಚ್ ಪೆಡಲ್ಲಿಗೂ ನಡುವೆ ಒಂದು ಕೋಲು ಸಿಕ್ಕಿಸಿ ಪೆಡಲನ್ನು ಅದುಮಿಟ್ಟುಬಿಡುವುದು. ಕ್ಲಚ್ಚಿನ ನೂಕಿಗೆ ಶಾಫ್ಟು ಮುಂದಕ್ಕೆ ಸರಿದು ಹಿಂದಿನ ಬೇರಿಂಗನ್ನು ಬಿಲ್ಲೆಗೆ ಒತ್ತಿ ಹಿಡಿದಿರುತ್ತದೆ. ಮಾರುತಿಯಲ್ಲಿ ರೋಗ ಪತ್ತೆ ಮಾಡುವ ಪೆಡಲ್ ಇಲ್ಲಿ ರೋಗ ಬಾರದಂತೆ ಕಾಯುತ್ತದೆ.

ಇನ್ನು ಅಂಕಿ ತಪ್ಪಿ ಬಂದರೆ ಏನು? ಮಜ್ದಾ ಸುಮಾರು 8 ಮಿ.ಮೀ. ಉದ್ದದ ಸ್ಪೇಸರುಗಳನ್ನು ಒಂದಕ್ಕಿಂತ ಒಂದು ಮಿಲಿಮೀಟರಿನ ನೂರರಲ್ಲಿ ಕೆಲವು ಪಾಲು ಹೆಚ್ಚು-ಕಡಿಮೆ ಇರುವಂತೆ ಮಾಡಿ, ಅಕ್ಷರದ ಗುರುತು ಹಾಕಿ ಕೊಡುತ್ತದೆ. ಗೇಜು 0.10 ತೋರಿಸಿ, ನಮಗೆ 0.05 ಬೇಕೆಂದರೆ 0.05 ಗಿಡ್ಡದ ಸ್ಪೇಸರ್ ಹಾಕಬೇಕು. 0.02 ತೋರಿಸಿದರೆ 0.03 ಉದ್ದದ್ದು ಬೇಕು. ಮಿನರ್ವ ಸರ್ಕಲ್ ದಾಟಿ ಜೆ.ಸಿ. ರಸ್ತೆಗೆ ಹೋದರೆ ಅಂಬಾಸಿಡರಿನಿಂದ ಹಿಡಿದು ನೆನ್ನೆ ಬಂದ ಗಾಡಿಯವರೆಗೆ ಸಾಮಾನು ಸಿಕ್ಕೀತು. ರೋಟರಿಯ ಸ್ಪೇಸರನ್ನು ಅಲ್ಲಿ ಹುಡುಕುವುದು ವ್ಯರ್ಥ. ತರಿಸಬೇಕು, ಇಲ್ಲವೇ ಇರುವುದನ್ನೇ ಸರ್ಫೇಸ್ ಗ್ರೈಂಡರಿನಲ್ಲಿ ತೇಯಿಸಬೇಕು. ಪೀಣ್ಯದ ಒಳ್ಳೆಯ ಟೂಲ್ ರೂಮಿನವರಿಗೆ ಐದು ಗೆರೆ ತೆಗೆಯುವುದು ಕಷ್ಟದ ಮಾತಲ್ಲ. ಆದರೆ ತೇಯ್ದರೆ ಪ್ಲೇ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚಾಗುವುದಿಲ್ಲ. ಹೆಚ್ಚು ಬೇಕಾದವರಿಗೆ ಹೊಸ ಸ್ಪೇಸರೇ ಗತಿ.

ತೇಯಿಸಿ ತಂದ ಸ್ಪೇಸರನ್ನು ಮೈಕ್ರೋಮೀಟರಿನಲ್ಲಿ ಸುತ್ತಲೂ ನಾಲ್ಕು ಕಡೆ ಅಳೆಯಬೇಕು. ನಾಲ್ಕೂ ಒಂದೇ ಬರದಿದ್ದರೆ ಎರಡು ಮುಖಗಳು ಸಮಾನಾಂತರವಾಗಿಲ್ಲ ಎಂದರ್ಥ; ಪ್ಲೇಟು ಓರೆಯಾಗಿ ಕೂತು ಬೇರಿಂಗಿನ ಒಂದೇ ಪಕ್ಕಕ್ಕೆ ಭಾರ ಬೀಳುತ್ತದೆ. ಸರಿಯಿದ್ದರೆ ಆಯಿಲ್ ಸವರಿ ಕೂರಿಸಿ, ಬೋಲ್ಟನ್ನು ಮತ್ತೆ ಪೂರ್ತಿ ಟಾರ್ಕಿಗೆ ಬಿಗಿದು, ಗೇಜನ್ನು ಮತ್ತೆ ಹಚ್ಚಬೇಕು. ಲೆಕ್ಕದ ಪ್ರಕಾರ ಇಷ್ಟು ಬರಬೇಕು ಎಂದು ಕವರ್ ಮುಚ್ಚುವಂತಿಲ್ಲ. ಬಂದ ಅಂಕಿಯನ್ನು ಸ್ಪೇಸರಿನ ಅಳತೆಯ ಜತೆಗೆ, ತಾರೀಖು ಹಾಕಿ, ಗಾಡಿಯ ಪುಸ್ತಕದಲ್ಲೇ ಬರೆದಿಡುವುದು ಒಳ್ಳೆಯದು. ಮುಂದೆಂದಾದರೂ ಕ್ಲಚ್ ಬದಲಿಸಲು ಗೇರ್‌ಬಾಕ್ಸ್ ಇಳಿಸಿದಾಗ ಅದೇ ಫ್ಲೈವೀಲಿಗೆ ಗೇಜ್ ಹಚ್ಚಿ ನೋಡಿದರೆ, ಬೇರಿಂಗ್ ಎಷ್ಟು ಗೆರೆ ಸವೆದಿದೆ ಎಂಬುದು ಎಂಜಿನ್ ಬಿಚ್ಚದೆಯೇ ತಿಳಿಯುತ್ತದೆ.